ಏಪ್ರಿಲ್ ಸೆಕೆಯಲ್ಲೂ ನಿಲ್ಲಬೇಕು: ಓವರ್‌ಕ್ಲಾಕ್ ಮಾಡಿದ ಗೇಮಿಂಗ್ ಪಿಸಿಯನ್ನು ಪರೀಕ್ಷಿಸುವ ಸಮಗ್ರ ಮಾರ್ಗದರ್ಶಿ

ಜನವರಿಯಲ್ಲಿ ನನ್ನ ಓವರ್‌ಕ್ಲಾಕ್ ಮಾಡಿದ (ಕಂಪನಿ ಇಟ್ಟದ್ದಕ್ಕಿಂತ ಹೆಚ್ಚು ವೇಗಕ್ಕೆ ಏರಿಸಿದ) ಪಿಸಿ ಎಲ್ಲ ಟೆಸ್ಟ್‌ಗಳಲ್ಲೂ ಪಾಸಾಗಿತ್ತು. ರಾತ್ರಿ ಹನ್ನೊಂದಕ್ಕೆ ಮೆಮೊರಿ ಟೆಸ್ಟ್ ಹಾಕಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಒಂದೂ ಎರರ್ ಇರಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ, ಉಡುಪಿ ಕುಂಜಿಬೆಟ್ಟಿನ ನಮ್ಮ ಮನೆಯ ಮಹಡಿ ರೂಮಿನಲ್ಲಿ ಒಂದೂವರೆ ಗಂಟೆ ಗೇಮ್ ಆಡಿದೆ. ಗೇಮ್ ಚೆನ್ನಾಗಿಯೇ ಓಡಿತು. ಆಮೇಲೆ ತಂಗಿಯ ಮದುವೆ ಫೋಟೋಗಳ ಜಿಪ್ ಫೈಲ್ ಬಿಚ್ಚಲು ಹೋದೆ. ಸಿಆರ್‌ಸಿ ಎರರ್ (ಡೇಟಾ ತಪ್ಪಿದೆ ಎಂಬ ಸೂಚನೆ) ಬಂತು. ಮತ್ತೊಮ್ಮೆ ಬಿಚ್ಚಿದೆ, ಸರಿಯಾಗಿ ಬಿಚ್ಚಿಕೊಂಡಿತು. ಅನುಮಾನ ಬಂದು ಮೂರನೇ ಸಲ ನೋಡಿದೆ. ಮತ್ತೆ ಎರರ್, ಆದರೆ ಈ ಸಲ ಬೇರೆ ಫೋಟೋದಲ್ಲಿ.

ಫೈಲ್ ಅದೇ, ಡಿಸ್ಕ್ ಅದೇ, ಉತ್ತರ ಮಾತ್ರ ಪ್ರತಿ ಸಲ ಬೇರೆ. ಹಾಗಾದರೆ ಕೆಟ್ಟಿರುವುದು ಫೈಲ್ ಅಲ್ಲ, ರ‍್ಯಾಮ್ ತಪ್ಪು ಓದುತ್ತಿದೆ ಎಂದರ್ಥ. ಎಚ್‌ಡಬ್ಲ್ಯೂ ಇನ್ಫೋ ಎಂಬ, ಪಿಸಿಯ ಉಷ್ಣತೆ ಮತ್ತು ವೇಗ ತೋರಿಸುವ ಸಾಫ್ಟ್‌ವೇರ್ ತೆರೆದು ನೋಡಿದೆ. ರ‍್ಯಾಮ್ ಕಡ್ಡಿ 58 ಡಿಗ್ರಿ ತೋರಿಸುತ್ತಿತ್ತು. ಜನವರಿಯ ಆ ರಾತ್ರಿ ಅದು 44 ದಾಟಿರಲಿಲ್ಲ.

ಬ್ಲೂ ಸ್ಕ್ರೀನ್ ಬಂದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಸದ್ದಿಲ್ಲದೆ ಫೈಲ್ ಹಾಳಾಗುವುದು ಅದಕ್ಕಿಂತ ಕೆಟ್ಟದ್ದು. ನಾವು ಇರುವುದು ಕರಾವಳಿಯಲ್ಲಿ. ನಮ್ಮ ಪಿಸಿ ಪಾಸಾಗಬೇಕಾದ್ದು ನಮ್ಮ ಸೆಕೆಯಲ್ಲಿ, ನಮ್ಮ ರೂಮಿನಲ್ಲಿ, ಎಸಿ ಆಫ್ ಇರುವಾಗ. ಆಮೇಲೆ ನಾನು ಕಲಿತ ಕ್ರಮವನ್ನು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ನನ್ನದು ರೈಜನ್ 5 7600ಎಕ್ಸ್, 32 ಜಿಬಿ ಡಿಡಿಆರ್5-6000 ರ‍್ಯಾಮ್, ಆರ್‌ಟಿಎಕ್ಸ್ 4070 ಕಾರ್ಡ್, ಮೇಲೊಂದು ಟವರ್ ಏರ್ ಕೂಲರ್. ನಿಮ್ಮದು ಬೇರೆ ಇದ್ದರೂ ಕ್ರಮ ಇದೇ.

ಟೆಸ್ಟ್‌ಗೆ ಮೊದಲು

ಮುಖ್ಯವಾದ ಫೈಲ್‌ಗಳನ್ನು ಬೇರೆ ಡ್ರೈವ್‌ಗೆ ಕಾಪಿ ಮಾಡಿ, ಆ ಡ್ರೈವ್ ಕಿತ್ತಿಡಿ. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಬಯಾಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ರೀಸೆಟ್ ಆದ ಮೇಲೆ ವಿಂಡೋಸ್ ಅದನ್ನು ಕೇಳುವ ಸಾಧ್ಯತೆ ಉಂಟು. ಈಗಿನ ಸೆಟ್ಟಿಂಗ್‌ಗಳನ್ನು ಬಯಾಸ್‌ನಲ್ಲೇ ಪ್ರೊಫೈಲ್ ಆಗಿ ಸೇವ್ ಮಾಡಿ. ನಿಮ್ಮ ಮದರ್‌ಬೋರ್ಡ್‌ನಲ್ಲಿ ಸಿಮಾಸ್ ಕ್ಲಿಯರ್ ಮಾಡುವ (ಬಯಾಸ್ ಸೆಟ್ಟಿಂಗ್ ಅಳಿಸುವ) ಪಿನ್ ಎಲ್ಲಿದೆ ಎಂದು ಈಗಲೇ ನೋಡಿಟ್ಟುಕೊಳ್ಳಿ. ಸ್ಕ್ರೀನ್ ಕಪ್ಪಾದ ಮೇಲೆ ಹುಡುಕುವುದು ಕಷ್ಟ.

ಬಯಾಸ್ ಹೊಸದಿರಲಿ. ಇದು ಸುಮ್ನೆ ಹೇಳುವ ಮಾತಲ್ಲ. 2023ರಲ್ಲಿ ಎಎಂ5 (ರೈಜನ್ 7000 ಕೂರುವ ಸಾಕೆಟ್) ಬೋರ್ಡ್‌ಗಳಲ್ಲಿ ಎಸ್‌ಒಸಿ ವೋಲ್ಟೇಜ್ (ಚಿಪ್‌ನೊಳಗಿನ ಮೆಮೊರಿ ಕಂಟ್ರೋಲರ್ ಇರುವ ಭಾಗದ್ದು) ಜಾಸ್ತಿಯಾಗಿ ಕೆಲವು ರೈಜನ್ ಚಿಪ್‌ಗಳು ಸುಟ್ಟವು. ಆಮೇಲೆ ಎಎಂಡಿ ಹೊಸ ಬಯಾಸ್ ಮೂಲಕ ಅದಕ್ಕೆ 1.3 ವೋಲ್ಟ್ ಮಿತಿ ಹಾಕಿತು. ಇಂಟೆಲ್ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಚಿಪ್‌ಗಳಿಗೂ 2024ರಲ್ಲಿ ವೋಲ್ಟೇಜ್ ತೊಂದರೆ ಸರಿಪಡಿಸುವ ಮೈಕ್ರೋಕೋಡ್ (ಚಿಪ್‌ನೊಳಗಿನ ಸೂಚನೆಗಳ ಅಪ್‌ಡೇಟ್) ಬಂತು. ಅಂಥ ಚಿಪ್ ಸ್ಟಾಕ್ (ಕಂಪನಿ ಇಟ್ಟ) ಸ್ಪೀಡ್‌ನಲ್ಲೇ ಕ್ರ್ಯಾಶ್ ಆಗುತ್ತಿದ್ದರೆ ಓವರ್‌ಕ್ಲಾಕ್ ಮಾತು ಬಿಡಿ, ವಾರಂಟಿಗೆ ಕೊಡಿ. ಆಗಲೇ ಆದ ಹಾನಿಯನ್ನು ಹೊಸ ಬಯಾಸ್ ಸರಿ ಮಾಡುವುದಿಲ್ಲ.

ಇನ್ನು ಕರೆಂಟ್. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಪಿಸಿಗೆ 600 ವಿಎ ಯುಪಿಎಸ್ ಇರುತ್ತದೆ. ಅದು ಹೊರುವುದು ಸುಮಾರು 360 ವ್ಯಾಟ್ ಮಾತ್ರ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡಕ್ಕೂ ಒಟ್ಟಿಗೆ ಲೋಡ್ ಕೊಟ್ಟು, ಜೊತೆಗೆ ಮಾನಿಟರ್ ಸೇರಿದರೆ 400 ವ್ಯಾಟ್ ಸುಲಭವಾಗಿ ದಾಟುತ್ತದೆ. ಆಗ ಕರೆಂಟ್ ಒಂದು ಕ್ಷಣ ಹೋದರೂ ಯುಪಿಎಸ್ ಕೈಬಿಡುತ್ತದೆ, ಪಿಸಿ ಧಡಕ್ಕನೆ ಆಫ್. ಅದನ್ನು ಓವರ್‌ಕ್ಲಾಕ್ ಫೇಲ್ ಅಂದುಕೊಂಡು ವಾರಗಟ್ಟಲೆ ವೋಲ್ಟೇಜ್ ಬದಲಿಸುತ್ತಾ ಕೂತವರನ್ನು ನಾನು ನೋಡಿದ್ದೇನೆ. ಟೆಸ್ಟ್ ಶುರು ಮಾಡುವ ಮೊದಲು ಯುಪಿಎಸ್ ಲೋಡ್ ನೋಡಿ. ಅರ್ಥಿಂಗ್ ಸರಿ ಇದೆಯಾ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಚೆಕ್ ಮಾಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಅದನ್ನು ಸರಿಪಡಿಸದೆ ಮುಂದೆ ಹೋಗಬೇಡಿ.

ಏಪ್ರಿಲ್, ಮೇ ಸಂಜೆಯ ಗುಡುಗು ಮಿಂಚು ನಿಮಗೆ ಗೊತ್ತೇ ಇದೆ. ಆ ತಿಂಗಳುಗಳಲ್ಲಿ ರಾತ್ರಿಯಿಡೀ ಟೆಸ್ಟ್ ಹಾಕಿ ಮಲಗಬೇಡಿ. ಹಗಲು ಮಾಡಿ. ಮೋಡ ಕಟ್ಟಿದರೆ ನಿಲ್ಲಿಸಿ, ಪ್ಲಗ್ ಮತ್ತು ನೆಟ್‌ವರ್ಕ್ ಕೇಬಲ್ ಎರಡನ್ನೂ ಕೀಳಿ.

ಧೂಳು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಒತ್ತಿ ಹಿಡಿಯಿರಿ. ಮಲ್ಪೆ, ಪಣಂಬೂರು, ಸುರತ್ಕಲ್ ಕಡೆ ಕಡಲ ಪಕ್ಕದಲ್ಲೇ ಮನೆ ಇದ್ದವರು ಸ್ಕ್ರೂಗಳನ್ನೂ ಸ್ಲಾಟ್ ಪಟ್ಟಿಗಳನ್ನೂ ಒಮ್ಮೆ ನೋಡಿ. ಉಪ್ಪುಗಾಳಿಗೆ ತುಕ್ಕು ಮೊದಲು ಕಾಣುವುದು ಅಲ್ಲೇ.

ರೂಮಿನ ಉಷ್ಣತೆ ಬರೆಯದೆ ಟೆಸ್ಟ್ ಇಲ್ಲ

ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಬೇಕು. ಪಿಸಿ ಗಾಳಿ ಎಳೆಯುವ ಕಡೆ, ಒಂದು ಅಡಿ ದೂರದಲ್ಲಿ ಇಡಿ. ಏರ್ ಕೂಲರ್ ಆಗಲಿ, ನೀರಿನ ಕೂಲರ್ ಆಗಲಿ, ರೂಮಿನ ಗಾಳಿಗಿಂತ ಕೆಳಗೆ ಇಳಿಸಲಾರದು. ರೂಮು 25 ಡಿಗ್ರಿ ಇದ್ದಾಗ ಗ್ರಾಫಿಕ್ಸ್ ಕಾರ್ಡ್ 66ಕ್ಕೆ ನಿಂತರೆ, ಫ್ಯಾನ್ ಅದೇ ವೇಗದಲ್ಲಿದ್ದರೆ, ರೂಮು 35 ಆದಾಗ 76ರ ಹತ್ತಿರ ಬರುತ್ತದೆ. ಹತ್ತಕ್ಕೆ ಹತ್ತು ಸೇರಿಸಿಕೊಳ್ಳಿ.

ಆರ್‌ಸಿಸಿ ತಾರಸಿಯ ಕೆಳಗಿನ ರೂಮು ಮಧ್ಯಾಹ್ನಕ್ಕಿಂತ ಸಂಜೆ ಜಾಸ್ತಿ ಕಾಯುತ್ತದೆ. ಹಗಲೆಲ್ಲ ಹೀರಿದ ಬಿಸಿಯನ್ನು ತಾರಸಿ ಆಗ ಕೆಳಗೆ ಬಿಡುತ್ತದೆ. ನಮ್ಮ ರೂಮಿನಲ್ಲಿ ಸಂಜೆ ಆರಕ್ಕೆ 34 ಇರುತ್ತದೆ. ಅಜ್ಜನ ಹಂಚಿನ ಮನೆಯಲ್ಲಿ ಮಧ್ಯಾಹ್ನ ಎರಡರ ಹೊತ್ತಿಗೆ ಜಾಸ್ತಿ, ಸಂಜೆ ಬೇಗ ತಂಪಾಗುತ್ತದೆ. ನಿಮ್ಮ ರೂಮಿನ ಕೆಟ್ಟ ಹೊತ್ತು ಯಾವುದು ಎಂದು ಎರಡು ದಿನ ಬರೆದು ನೋಡಿ. ಕೊನೆಯ ಟೆಸ್ಟ್ ಆ ಹೊತ್ತಿಗೇ ಆಗಬೇಕು. 400 ವ್ಯಾಟ್ ಎಳೆಯುವ ಪಿಸಿ ಅಷ್ಟೂ ಬಿಸಿಯನ್ನು ರೂಮಿಗೇ ಬಿಡುತ್ತದೆ ಅಲ್ವಾ? ಬಾಗಿಲು ಹಾಕಿದ ರೂಮು ಅರ್ಧ ಗಂಟೆಯಲ್ಲಿ ಇನ್ನೂ ಏರುತ್ತದೆ. ಹಾಗಾಗಿ ಮೊದಲ ಅರ್ಧ ಗಂಟೆಯ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸ್ಟಾಕ್ ಅಂಕಿಗಳು

ಎಲ್ಲ ಓವರ್‌ಕ್ಲಾಕ್ ತೆಗೆಯಿರಿ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ (ಬಯಾಸ್‌ನಲ್ಲಿರುವ ರ‍್ಯಾಮ್ ವೇಗದ ಪ್ರೊಫೈಲ್) ಕೂಡ ಆಫ್ ಮಾಡಿ, ಯಾಕೆಂದರೆ ಅದೂ ಓವರ್‌ಕ್ಲಾಕೇ. ಪ್ರೊಸೆಸರ್ ಅಳೆಯುವ ಸಿನಿಬೆಂಚ್ ಆರ್23 ಅನ್ನು ಹತ್ತು ನಿಮಿಷದ ಮೋಡ್‌ನಲ್ಲಿ ಓಡಿಸಿ. ಗ್ರಾಫಿಕ್ಸ್ ಅಳೆಯುವ 3ಡಿಮಾರ್ಕ್ ಟೈಮ್ ಸ್ಪೈ ಮೂರು ಸಲ ಓಡಿಸಿ, ನಡುವಿನ ಅಂಕ ತೆಗೆದುಕೊಳ್ಳಿ. ನೀವು ನಿಜವಾಗಿ ಆಡುವ ಒಂದು ಗೇಮ್‌ನ ಒಂದೇ ಜಾಗದಲ್ಲಿ ಐದು ನಿಮಿಷ ಓಡಾಡಿ, ಕ್ಯಾಪ್‌ಫ್ರೇಮ್‌ಎಕ್ಸ್‌ನಲ್ಲಿ ಸರಾಸರಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ಮತ್ತು ಒಂದು ಪರ್ಸೆಂಟ್ ಲೋ (ಅತಿ ನಿಧಾನದ ಶೇಕಡಾ ಒಂದು ಫ್ರೇಮ್‌ಗಳ ವೇಗ) ಎರಡನ್ನೂ ದಾಖಲಿಸಿ. ಈ ಅಂಕಿಗಳಿಲ್ಲದೆ ಮುಂದೆ ಏನು ಲಾಭವಾಯಿತು ಎಂದು ಹೇಳಲು ಸಾಧ್ಯವೇ ಇಲ್ಲ. ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆಯಿರಿ, ಪಕ್ಕದಲ್ಲಿ ರೂಮಿನ ಉಷ್ಣತೆ.

ಮೊದಲು ರ‍್ಯಾಮ್

ಒಂದು ಸಲಕ್ಕೆ ಒಂದೇ ಭಾಗ. ಈಗ ರ‍್ಯಾಮ್‌ನ ಓವರ್‌ಕ್ಲಾಕ್ ಮಾತ್ರ ಮತ್ತೆ ಹಾಕಿ. ಪ್ರೊಸೆಸರ್ ಮತ್ತು ಕಾರ್ಡ್ ಸ್ಟಾಕ್‌ನಲ್ಲೇ ಇರಲಿ. ಹೆಚ್ಚಿನವರು ರ‍್ಯಾಮ್ ಅನ್ನು ಕೊನೆಗೆ ಇಡುತ್ತಾರೆ. ಅದು ತಪ್ಪು ಎಂದೇ ನನ್ನ ಅಭಿಪ್ರಾಯ. ರ‍್ಯಾಮ್ ಗಟ್ಟಿ ಇಲ್ಲದಿದ್ದರೆ ಆಮೇಲಿನ ಯಾವ ಎರರ್‌ಗೂ ಅರ್ಥವಿರುವುದಿಲ್ಲ. ತಪ್ಪಾದ ಡೇಟಾ ಡಿಸ್ಕ್‌ಗೆ ಬರೆದುಹೋಗಿ ಅದರಲ್ಲಿರುವ ಫೈಲ್‌ಗಳೂ ಹಾಳಾಗುತ್ತವೆ.

ಎಎಂ5 ಬೋರ್ಡ್‌ನಲ್ಲಿ ರ‍್ಯಾಮ್ ಸೆಟ್ಟಿಂಗ್ ಬದಲಿಸಿದ ಮೇಲೆ ಮೊದಲ ಬೂಟ್‌ಗೆ ಕೆಲವು ನಿಮಿಷ ಬೇಕಾಗಬಹುದು. ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. ಅದು ಮೆಮೊರಿ ಟ್ರೈನಿಂಗ್. ಹೆದರಿ ಪವರ್ ಆಫ್ ಮಾಡಬೇಡಿ.

ಮೊದಲ ಟೆಸ್ಟ್ ವಿಂಡೋಸ್ ಹೊರಗೆ ಆಗಲಿ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿ, ನಾಲ್ಕು ಸುತ್ತು ಓಡಿಸಿ. ಇಲ್ಲೇ ಎರರ್ ಬಂದರೆ ವಿಂಡೋಸ್‌ಗೆ ಹೋಗಲೇಬೇಡಿ. ಪಾಸಾದರೆ ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಓಡಿಸಿ. ಅದಕ್ಕೆ ಅಂಟಾ777 ಹೆಸರಿನ ಕಾನ್ಫಿಗ್ ಫೈಲ್ ಹಾಕಿದರೆ ತುಂಬ ಕಟ್ಟುನಿಟ್ಟಾಗಿ ಹಿಡಿಯುತ್ತದೆ. ಒಂದೇ ಒಂದು ಎರರ್ ಬಂದರೂ ಫೇಲ್. ರ‍್ಯಾಮ್ ವಿಷಯದಲ್ಲಿ ಇದರಲ್ಲಿ ರಿಯಾಯಿತಿ ಇಲ್ಲ.

ಇಲ್ಲಿಯವರೆಗೆ ನಾನೂ ಜನವರಿಯಲ್ಲಿ ಮಾಡಿದ್ದೆ. ಬಿಟ್ಟದ್ದು ಮುಂದಿನ ಹೆಜ್ಜೆ.

ರ‍್ಯಾಮ್‌ನ ಒಂದೊಂದು ಬಿಟ್ ಎಂದರೆ ಒಂದು ಸಣ್ಣ ಕೆಪಾಸಿಟರ್‌ನಲ್ಲಿರುವ ಚಾರ್ಜ್. ಅದು ಸದಾ ಸೋರುತ್ತಿರುತ್ತದೆ. ಹಾಗಾಗಿ ಅದನ್ನು ಮತ್ತೆ ಮತ್ತೆ ತುಂಬಿಸಬೇಕು, ಅದೇ ರಿಫ್ರೆಶ್. ಎರಡು ರಿಫ್ರೆಶ್ ನಡುವಿನ ಅಂತರಕ್ಕೆ ಟಿಆರ್‌ಇಎಫ್‌ಐ ಎನ್ನುತ್ತಾರೆ. ಅಂತರ ಹೆಚ್ಚಿಸಿದರೆ ರ‍್ಯಾಮ್‌ಗೆ ಕೆಲಸಕ್ಕೆ ಜಾಸ್ತಿ ಸಮಯ ಸಿಗುತ್ತದೆ, ಗೇಮ್‌ನಲ್ಲಿ ಒಂದು ಪರ್ಸೆಂಟ್ ಲೋ ಸ್ವಲ್ಪ ಏರುತ್ತದೆ. ನಾನು ಅದನ್ನು ಗರಿಷ್ಠ ಮಿತಿ 65535ಕ್ಕೆ ಇಟ್ಟಿದ್ದೆ. ಆದರೆ ರ‍್ಯಾಮ್ ಬಿಸಿಯಾದಷ್ಟೂ ಚಾರ್ಜ್ ಬೇಗ ಸೋರುತ್ತದೆ. 44 ಡಿಗ್ರಿಯಲ್ಲಿ ಉಳಿಯುತ್ತಿದ್ದ ಬಿಟ್ 58ರಲ್ಲಿ ರಿಫ್ರೆಶ್ ಬರುವ ಮೊದಲೇ ಅಳಿಸಿಹೋಗುತ್ತಿತ್ತು. ಮದುವೆ ಫೋಟೋಗಳಿಗೆ ಆದದ್ದು ಅದೇ.

ಮೆಮೊರಿ ಟೆಸ್ಟ್ ಒಂದನ್ನೇ ಓಡಿಸಿದಾಗ ಗ್ರಾಫಿಕ್ಸ್ ಕಾರ್ಡ್ ತಣ್ಣಗಿರುತ್ತದೆ. ಗೇಮ್ ಆಡುವಾಗ ಅದೇ ಕಾರ್ಡ್‌ನ ಬಿಸಿಗಾಳಿ ನೇರ ರ‍್ಯಾಮ್ ಮೇಲೆ ಹೋಗುತ್ತದೆ. ಹಾಗಾಗಿ ಹೀಗೆ ಮಾಡಿ: ಯೂನಿಜಿನ್ ಹೆವೆನ್ ಎಂಬ ಗ್ರಾಫಿಕ್ಸ್ ಟೆಸ್ಟ್ ಅನ್ನು ಸಣ್ಣ ವಿಂಡೋದಲ್ಲಿ ತೆರೆದು, ಕಾರ್ಡ್ ಪೂರ್ತಿ ಲೋಡ್ ಆಗುವಂತೆ ಓಡಲು ಬಿಡಿ. ಇಪ್ಪತ್ತು ನಿಮಿಷ ಬಿಟ್ಟು, ಅದು ಓಡುತ್ತಿರುವಾಗಲೇ ಟೆಸ್ಟ್‌ಮೆಮ್5 ಶುರು ಮಾಡಿ. ಡಿಡಿಆರ್5 ಕಡ್ಡಿಗಳಲ್ಲಿ ಉಷ್ಣತೆಯ ಸೆನ್ಸರ್ ಇರುತ್ತದೆ, ಎಚ್‌ಡಬ್ಲ್ಯೂ ಇನ್ಫೋದಲ್ಲಿ ಕಾಣುತ್ತದೆ. ಡಿಡಿಆರ್4ನಲ್ಲಿ ಎಲ್ಲ ಕಡ್ಡಿಗಳಿಗೂ ಅದಿಲ್ಲ.

ನನ್ನ ಪಿಸಿ ಹೀಗೆ ಮಾಡಿದಾಗ ಹನ್ನೊಂದನೇ ನಿಮಿಷಕ್ಕೆ ಮೊದಲ ಎರರ್ ಕೊಟ್ಟಿತು. ಟಿಆರ್‌ಇಎಫ್‌ಐ ಇಳಿಸಿ 40000 ಮಾಡಿದೆ. ರ‍್ಯಾಮ್ ಮೇಲೆ ಗಾಳಿ ಬೀಳುವಂತೆ 120 ಎಂಎಂ ಫ್ಯಾನ್ ಒಂದನ್ನು ಕೂರಿಸಿದೆ. ಉಷ್ಣತೆ 51ಕ್ಕೆ ಇಳಿಯಿತು. ಸಂಜೆ ಆರಕ್ಕೆ, ಬಾಗಿಲು ಹಾಕಿ, ಮೂರು ಗಂಟೆ ಓಡಿಸಿದೆ. ಒಂದೂ ಎರರ್ ಬರಲಿಲ್ಲ. ಗೇಮ್‌ನಲ್ಲಿ ಕಳೆದುಕೊಂಡದ್ದು ಕಣ್ಣಿಗೆ ಕಾಣದಷ್ಟು.

ಕೊನೆಗೆ ಕೋಲ್ಡ್ ಬೂಟ್. ರಾತ್ರಿ ಆಫ್ ಮಾಡಿ, ಬೆಳಿಗ್ಗೆ ಆನ್ ಮಾಡಿ, ಮತ್ತೆ ಅರ್ಧ ಗಂಟೆ ಟೆಸ್ಟ್. ಎರಡು ಮೂರು ದಿನ ಹೀಗೆ ನೋಡಿ.

ಪ್ರೊಸೆಸರ್: ಭಾರವೂ ಬೇಕು, ಹಗುರವೂ ಬೇಕು

ಹೊಸ ಸೆಟ್ಟಿಂಗ್ ಹಾಕಿದ ಕೂಡಲೇ ಸಿನಿಬೆಂಚ್ ಹತ್ತು ನಿಮಿಷ ಓಡಿಸಿ. ಇಲ್ಲಿ ನೋಡಬೇಕಾದ್ದು ಅಂಕ. ಗಡಿಯಾರದ ವೇಗ (ಕ್ಲಾಕ್, ಅಂದರೆ ಚಿಪ್ ಕೆಲಸ ಮಾಡುವ ವೇಗ) ಜಾಸ್ತಿ ತೋರಿಸುತ್ತಿದ್ದು ಅಂಕ ಮಾತ್ರ ಇಳಿದಿದ್ದರೆ ಎಚ್‌ಡಬ್ಲ್ಯೂ ಇನ್ಫೋದಲ್ಲಿ ಎಫೆಕ್ಟಿವ್ ಕ್ಲಾಕ್ ಎಂಬ ಸಾಲು ನೋಡಿ. ವೋಲ್ಟೇಜ್ ಸಾಲದಾದಾಗ ರೈಜನ್ ಚಿಪ್ ಕ್ರ್ಯಾಶ್ ಆಗುವ ಬದಲು ತನ್ನ ಗಡಿಯಾರವನ್ನು ಎಳೆದು ನಿಧಾನ ಮಾಡಿಕೊಳ್ಳಬಹುದು. ತೋರಿಕೆಯ ವೇಗ 5.3 ಗಿಗಾಹರ್ಟ್ಸ್ ಇದ್ದರೂ ನಿಜವಾದ ವೇಗ ಕಡಿಮೆ ಇರುತ್ತದೆ.

ರೈಜನ್ 7000 ಸರಣಿಯವರು ಇನ್ನೊಂದು ತಿಳಿದಿರಬೇಕು. ಎಕ್ಸ್ ಎಂದು ಕೊನೆಯಾಗುವ ಈ ಚಿಪ್‌ಗಳನ್ನು ಭಾರದ ಕೆಲಸದಲ್ಲಿ 95 ಡಿಗ್ರಿ ಮುಟ್ಟುವಂತೆಯೇ ರೂಪಿಸಿದ್ದಾರೆ. ಜನವರಿಯಲ್ಲೂ 95, ಏಪ್ರಿಲ್‌ನಲ್ಲೂ 95 ಕಂಡರೆ ವ್ಯತ್ಯಾಸವೇ ಇಲ್ಲ ಎಂದುಕೊಳ್ಳಬೇಡಿ. ಅದೇ 95ರಲ್ಲಿ ವೇಗ ಎಷ್ಟಿದೆ ನೋಡಿ. ಸೆಕೆಯಲ್ಲಿ ಅದು ಇಳಿದಿರುತ್ತದೆ.

ಆಮೇಲೆ ಭಾರ. ಪ್ರೈಮ್95ನಲ್ಲಿ ಸ್ಮಾಲ್ ಎಫ್‌ಎಫ್‌ಟಿ ಆರಿಸಿ ಅರ್ಧ ಗಂಟೆ. ಇದು ಕೂಲರ್‌ಗೆ ಕೊಡುವ ಪರೀಕ್ಷೆ. ಯಾವ ಗೇಮ್ ಕೂಡ ಇಷ್ಟು ಬಿಸಿ ಮಾಡುವುದಿಲ್ಲ. ಕೈಯಾರೆ ವೋಲ್ಟೇಜ್ ಏರಿಸಿದವರು ಪಕ್ಕದಲ್ಲೇ ಕೂತಿರಿ. ನಂತರ ಲಾರ್ಜ್ ಎಫ್‌ಎಫ್‌ಟಿ ಒಂದು ಗಂಟೆ. ಇದು ಮೆಮೊರಿ ಕಂಟ್ರೋಲರನ್ನೂ ಎಳೆದಾಡುತ್ತದೆ. ಒಂದು ವರ್ಕರ್ ರೌಂಡಿಂಗ್ ಎರರ್ ಎಂದು ಹೇಳಿ ನಿಂತರೆ ಆ ಕೋರ್ (ಪ್ರೊಸೆಸರ್‌ನ ಒಂದು ಘಟಕ) ಲೆಕ್ಕ ತಪ್ಪಿದೆ ಎಂದರ್ಥ. ಪಿಸಿ ಓಡುತ್ತಲೇ ಇದ್ದರೂ ಫೇಲ್. ನಾನು ಇದರ ಮೇಲೆ ವೈ-ಕ್ರಂಚರ್ ಸ್ಟ್ರೆಸ್ ಟೆಸ್ಟ್ ಕೂಡ ಒಂದು ಗಂಟೆ ಹಾಕುತ್ತೇನೆ. ಪ್ರೈಮ್95 ಬಿಟ್ಟದ್ದನ್ನು ಅದು ಹಿಡಿದದ್ದುಂಟು.

ಇಷ್ಟಾದರೆ ಅರ್ಧ ಕೆಲಸ. ರೈಜನ್ ಕೋರ್‌ಗಳ ವೋಲ್ಟೇಜ್ ಬದಲಿಸುವ ಕರ್ವ್ ಆಪ್ಟಿಮೈಜರ್‌ನಲ್ಲಿ ಮೈನಸ್ ಹಾಕಿದವರಿಗೆ ಉಳಿದರ್ಧವೇ ಮುಖ್ಯ. ಎಲ್ಲ ಕೋರ್‌ಗೂ ಲೋಡ್ ಇದ್ದಾಗ ವೇಗ ಕಡಿಮೆ ಇರುತ್ತದೆ, ಆಗ ಮೈನಸ್ ವೋಲ್ಟೇಜ್ ಸಾಕಾಗುತ್ತದೆ. ಒಂದೇ ಕೋರ್ ಅತಿ ಹೆಚ್ಚು ವೇಗಕ್ಕೆ ಜಿಗಿದಾಗ ಅದು ಸಾಲುವುದಿಲ್ಲ. ಹಾಗಾಗಿಯೇ ಪ್ರೈಮ್95 ಎಂಟು ಗಂಟೆ ಪಾಸಾದ ಪಿಸಿ, ಯೂಟ್ಯೂಬ್ ನೋಡುವಾಗ ಸುಮ್ನೆ ರೀಸ್ಟಾರ್ಟ್ ಆಗುತ್ತದೆ. ಇದಕ್ಕೆ ಕೋರ್‌ಸೈಕ್ಲರ್ ಎಂಬ ಉಚಿತ ಸ್ಕ್ರಿಪ್ಟ್ ಇದೆ. ಒಂದು ಸಲಕ್ಕೆ ಒಂದೇ ಕೋರ್ ಹಿಡಿದು ಟೆಸ್ಟ್ ಮಾಡುತ್ತದೆ. ಕೋರ್‌ಗೆ ಒಂದು ಗಂಟೆಯಂತೆ ಇಡಿ. ಆರು ಕೋರ್‌ಗೆ ಒಂದು ರಾತ್ರಿ (ಗುಡುಗಿನ ತಿಂಗಳುಗಳಲ್ಲಿ ಬೇಡ). ಫೇಲ್ ಆದ ಕೋರ್‌ಗೆ ಮಾತ್ರ ಮೈನಸ್ ಅನ್ನು ಮೂರೋ ಐದೋ ಕಡಿಮೆ ಮಾಡಿ, ಅಂದರೆ ಸೊನ್ನೆಯ ಕಡೆಗೆ ತನ್ನಿ. ಈ ಟೆಸ್ಟ್ ತಂಪು ಹೊತ್ತಿನಲ್ಲಿ ಮಾಡಿ. ಚಿಪ್ ತಣ್ಣಗಿದ್ದಾಗಲೇ ವೇಗ ಜಾಸ್ತಿ ಜಿಗಿಯುತ್ತದೆ. ಸೆಕೆಯಲ್ಲಿ ಮಾಡಬಾರದ ಟೆಸ್ಟ್ ಇದೊಂದೇ.

ಗ್ರಾಫಿಕ್ಸ್ ಕಾರ್ಡ್

ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ಕೋರ್ ವೇಗವನ್ನು 15 ಮೆಗಾಹರ್ಟ್ಸ್‌ನಂತೆ ಏರಿಸಿ. ಎನ್ವಿಡಿಯಾ ಕಾರ್ಡ್‌ಗಳು ಹೆಜ್ಜೆ ಇಡುವುದೇ ಹಾಗೆ. ಮೆಮೊರಿಯನ್ನು 100ರಂತೆ ಏರಿಸಿ, ಪ್ರತಿ ಸಲ ಬೆಂಚ್‌ಮಾರ್ಕ್ ಅಂಕ ಬರೆಯಿರಿ. ಸ್ಕ್ರೀನ್ ಮೇಲೆ ಚುಕ್ಕೆ ಗೆರೆ ಕಾಣುವವರೆಗೆ ಏರಿಸುವುದು ಹಳೆಯ ಪದ್ಧತಿ. ಈಗಿನ ಅನೇಕ ಕಾರ್ಡ್‌ಗಳ ಮೆಮೊರಿ ತಪ್ಪಾದ ಡೇಟಾವನ್ನು ತಾನೇ ಕಂಡುಹಿಡಿದು ಮತ್ತೆ ಕಳಿಸುತ್ತದೆ. ಚಿತ್ರ ಚೆನ್ನಾಗಿಯೇ ಇರುತ್ತದೆ, ವೇಗ ಇಳಿಯುತ್ತದೆ. ಅಂಕ ಏರುತ್ತಾ ಹೋಗಿ ಒಂದು ಕಡೆ ಇಳಿಯಲು ಶುರುವಾದರೆ ಅಲ್ಲಿಂದ 200 ಹಿಂದೆ ಬನ್ನಿ.

ನಂತರ 3ಡಿಮಾರ್ಕ್‌ನ ಸ್ಟ್ರೆಸ್ ಟೆಸ್ಟ್. 20 ಸುತ್ತು ಓಡುತ್ತದೆ, ಫ್ರೇಮ್ ಸ್ಥಿರತೆ ಕನಿಷ್ಠ 97 ಪರ್ಸೆಂಟ್ ಇದ್ದರೆ ಪಾಸ್. ಇದು ಹಣ ಕೊಟ್ಟ ಆವೃತ್ತಿಯಲ್ಲಿ ಮಾತ್ರ ಸಿಗುತ್ತದೆ. ಬೇಡವಾದರೆ ಹೆವೆನ್ ಒಂದು ಗಂಟೆ, ಒಸಿಸಿಟಿಯ ವಿ-ರ‍್ಯಾಮ್ (ಕಾರ್ಡ್‌ನ ಮೆಮೊರಿ) ಟೆಸ್ಟ್ ಅರ್ಧ ಗಂಟೆ ಸಾಕು. ಫರ್‌ಮಾರ್ಕ್ ನಾನು ಬಳಸುವುದಿಲ್ಲ. ಅದು ಕಾರ್ಡನ್ನು ಪವರ್ ಮಿತಿಗೆ ತಳ್ಳಿ ವೇಗ ಇಳಿಸಿಬಿಡುತ್ತದೆ, ಗೇಮ್‌ನಲ್ಲಿ ಮುಟ್ಟುವ ವೇಗ ಪರೀಕ್ಷೆಯಾಗುವುದೇ ಇಲ್ಲ. ರೇ ಟ್ರೇಸಿಂಗ್ ಇರುವ ಒಂದು ಗೇಮ್ ಒಂದು ಗಂಟೆ ಆಡಿದರೆ ಅದಕ್ಕಿಂತ ಬೇಗ ತಪ್ಪು ಹೊರಬೀಳುತ್ತದೆ.

ಎಲ್ಲ ಒಟ್ಟಿಗೆ, ಕೆಟ್ಟ ಹೊತ್ತಿನಲ್ಲಿ

ಈಗ ಮೂರೂ ಓವರ್‌ಕ್ಲಾಕ್ ಒಟ್ಟಿಗೆ ಹಾಕಿ. ಎಸಿ ಆಫ್, ಕ್ಯಾಬಿನೆಟ್ ಮುಚ್ಚಳ ಹಾಕಿರಲಿ. ಎಚ್‌ಡಬ್ಲ್ಯೂ ಇನ್ಫೋದಲ್ಲಿ ಲಾಗಿಂಗ್ ಆನ್ ಮಾಡಿ. ಪಿಸಿ ಸತ್ತರೂ ಫೈಲ್‌ನ ಕೊನೆಯ ಸಾಲುಗಳು ಆಗ ಏನಿತ್ತು ಎಂದು ಹೇಳುತ್ತವೆ. ಒಸಿಸಿಟಿಯ ಪವರ್ ಟೆಸ್ಟ್ ಅರ್ಧ ಗಂಟೆ ಓಡಿಸಿ. ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ) ಮತ್ತು ಯುಪಿಎಸ್ ಎರಡರ ತಾಕತ್ತು ಇಲ್ಲಿ ಗೊತ್ತಾಗುತ್ತದೆ. ಆಮೇಲೆ ಎರಡು ಗಂಟೆ ಗೇಮ್. ಗೇಮ್ ಶುರುವಿನಲ್ಲಿ ಶೇಡರ್ (ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಮ್) ಕಂಪೈಲ್ ಆಗುವ ಹೊತ್ತು ಪ್ರೊಸೆಸರ್‌ಗೆ ತುಂಬ ಕಠಿಣ. ಅಲ್ಲೇ ಕ್ರ್ಯಾಶ್ ಆದರೆ ವಿಡಿಯೋ ಮೆಮೊರಿ ಸಾಲದು ಎಂಬ ಸಂದೇಶ ಬಂದರೂ ಪ್ರೊಸೆಸರನ್ನು ಮೊದಲು ಅನುಮಾನಿಸಿ.

ಮುಗಿದ ಮೇಲೆ, ಪಾಸಾದಂತೆ ಕಂಡರೂ, ಈವೆಂಟ್ ವ್ಯೂವರ್ ತೆರೆದು ಸಿಸ್ಟಮ್ ಲಾಗ್‌ನಲ್ಲಿ ಡಬ್ಲ್ಯೂಎಚ್‌ಇಎ-ಲಾಗರ್ (ಹಾರ್ಡ್‌ವೇರ್ ತಪ್ಪುಗಳ ದಾಖಲೆ) ಹುಡುಕಿ. ನಂಬರ್ 18 ಇದ್ದರೆ ಪ್ರೊಸೆಸರ್ ಬಿದ್ದಿದೆ. ಅದರಲ್ಲಿ ಎಪಿಐಸಿ ಐಡಿ ಇರುತ್ತದೆ. ಸಾಮಾನ್ಯವಾಗಿ 0, 1 ಮೊದಲ ಕೋರ್, 2, 3 ಎರಡನೆಯದು, ಹೀಗೆ. ಯಾವ ಕೋರ್‌ಗೆ ವೋಲ್ಟೇಜ್ ಬೇಕು ಎಂದು ಅಲ್ಲೇ ತಿಳಿಯುತ್ತದೆ. ನಂಬರ್ 19 ಎಂದರೆ ತಪ್ಪಾಗಿ ತಾನೇ ಸರಿಯಾದದ್ದು. ರೈಜನ್‌ನಲ್ಲಿ ಹೆಚ್ಚಾಗಿ ಇನ್ಫಿನಿಟಿ ಫ್ಯಾಬ್ರಿಕ್ (ಚಿಪ್‌ನ ಒಳಭಾಗಗಳ ನಡುವಿನ ಸಂಪರ್ಕ) ವೇಗ ಜಾಸ್ತಿಯಾದ ಗುರುತು. ಅದನ್ನೂ ಬಿಡಬೇಡಿ. 4101 ಬಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಬಿದ್ದು ಎದ್ದಿದೆ, ಕಾರ್ಡ್ ವೇಗ ಇಳಿಸಿ. ಬರೀ ಕರ್ನಲ್-ಪವರ್ 41 ಇದ್ದು ಬೇರೇನೂ ಇಲ್ಲದಿದ್ದರೆ ಮೊದಲು ಕರೆಂಟ್, ಯುಪಿಎಸ್, ಎಸ್‌ಎಂಪಿಎಸ್ ನೋಡಿ. ಅದೇ ಹೊತ್ತಿಗೆ ಮನೆಯ ಫ್ಯಾನ್ ನಿಂತಿತ್ತಾ ಎಂದು ಅಮ್ಮನನ್ನು ಕೇಳಿದರೂ ಉತ್ತರ ಸಿಗುತ್ತದೆ.

ರ‍್ಯಾಮ್ ಟೆಸ್ಟ್‌ನಲ್ಲಿ ಎರರ್ ಕಂಡವರು, ಎಲ್ಲ ಸರಿಯಾದ ಮೇಲೆ, ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ವಿಂಡೋಸ್‌ನ ಎಸ್‌ಎಫ್‌ಸಿ ಸ್ಕ್ಯಾನ್ ಓಡಿಸಿ. ತಪ್ಪು ರ‍್ಯಾಮ್ ಇದ್ದ ದಿನಗಳಲ್ಲಿ ಸಿಸ್ಟಮ್ ಫೈಲ್‌ಗಳು ಹಾಳಾಗಿರಬಹುದು. ಆ ದಿನಗಳಲ್ಲಿ ಕಾಪಿ ಮಾಡಿದ ಫೋಟೋ, ವಿಡಿಯೋಗಳನ್ನು ಮೂಲದಿಂದ ಮತ್ತೊಮ್ಮೆ ಕಾಪಿ ಮಾಡಿ. ನಾನು ಆ ಮೂರು ತಿಂಗಳ ಎಲ್ಲ ಫೋಲ್ಡರ್‌ಗಳನ್ನೂ ತೆರೆದು ನೋಡಿದೆ. ತಂಗಿಯ ಮದುವೆಯ ಹನ್ನೆರಡು ಫೋಟೋಗಳ ಕೆಳಗಿನ ಅರ್ಧ ಬೂದು ಬಣ್ಣವಾಗಿತ್ತು. ಪುಣ್ಯಕ್ಕೆ ಫೋಟೋಗ್ರಾಫರ್ ಹತ್ತಿರ ಮೂಲ ಇತ್ತು.

ಮಳೆಗಾಲದಲ್ಲಿ

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ರೂಮು 27, 28ಕ್ಕೆ ಇಳಿಯುತ್ತದೆ, ಉಷ್ಣತೆಯ ಚಿಂತೆ ಹೋಗುತ್ತದೆ. ಬರುವುದು ತೇವದ ಚಿಂತೆ. ದಿನಾ ಓಡುವ ಪಿಸಿ ತನ್ನ ಬಿಸಿಯಿಂದಲೇ ಒಣಗಿರುತ್ತದೆ. ಊರಿಗೆ ಹೋಗಿ ಎರಡು ಮೂರು ವಾರ ಮುಚ್ಚಿಟ್ಟ ಪಿಸಿಯನ್ನು ಬಂದ ಕೂಡಲೇ ಆನ್ ಮಾಡಬೇಡಿ. ಮುಚ್ಚಳ ತೆಗೆದು, ಟೇಬಲ್ ಫ್ಯಾನ್ ಹಿಡಿದು, ಅರ್ಧ ದಿನ ಒಣಗಿಸಿ. ರ‍್ಯಾಮ್ ಕಡ್ಡಿಯ ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಮೊದಲ ಬೂಟ್ ಸ್ಟಾಕ್ ಪ್ರೊಫೈಲ್‌ನಲ್ಲಿ ಮಾಡಿ, ಮೆಮ್‌ಟೆಸ್ಟ್86 ಒಂದು ಸುತ್ತು ನೋಡಿ, ಆಮೇಲೆ ಓವರ್‌ಕ್ಲಾಕ್ ಪ್ರೊಫೈಲ್ ಹಾಕಿ.

ಈ ತಂಪಿನಲ್ಲಿ ಟಿಆರ್‌ಇಎಫ್‌ಐ ಮತ್ತೆ 65535ಕ್ಕೆ ಏರಿಸಬಹುದು ಅನ್ನಿಸುತ್ತದೆ. ಟೆಸ್ಟ್ ಕೂಡ ಪಾಸಾಗುತ್ತದೆ. ನಾನು ಏರಿಸುವುದಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಏಪ್ರಿಲ್ ಪುಟದ 40000ವೇ ವರ್ಷವಿಡೀ ಇರುತ್ತದೆ.